ಒಂದೇ ವಿಳಾಸ

ಅಕ್ಕ ಕೈಚೀಲದಿಂದ ಏಳು ಪಾಸ್‌ಬುಕ್ಕುಗಳನ್ನು ತೆಗೆದು ಊಟದ ಮೇಜಿನ ಮೇಲೆ ಇಸ್ಪೀಟೆಲೆಗಳ ಹಾಗೆ ಸಾಲಾಗಿ ಜೋಡಿಸಿದಳು. ಟೀ ಲೋಟ ಪಕ್ಕಕ್ಕೆ ಸರಿಸಿ, ಕನ್ನಡಕ ಏರಿಸಿಕೊಂಡು, "ಈಗ ಹೇಳು ಪುಟ್ಟ. ಇಡೋದಾ, ತೆಗೆಯೋದಾ?" ಅಂದಳು.

ಪುಟ್ಟನಿಗೆ ಅರವತ್ತೊಂದು ನಡೆಯುತ್ತಿತ್ತು. ಟಿವಿಯವರ ಬಾಯಲ್ಲಿ ಖ್ಯಾತ ಅರ್ಥಶಾಸ್ತ್ರಜ್ಞ, ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್, ಬೀದಿಯವರಿಗೆ ಮೇಷ್ಟ್ರು. ಪುಟ್ಟ ಎಂದು ಕರೆಯುವ ಹಕ್ಕು ಭೂಮಿಯ ಮೇಲೆ ಉಳಿದಿದ್ದದ್ದು ಇವಳೊಬ್ಬಳಿಗೇ. ಅಕ್ಕ ಏನನ್ನಾದರೂ ಕೇಳುವುದೇ ಅಪರೂಪ. ಕೇಳಿದರೆ ಇಲ್ಲವೆಂದು ಅವರು ಅಂದದ್ದಿಲ್ಲ. ಆದರೆ ಆ ಶುಕ್ರವಾರದ ಸಂಜೆ, ಮೊದಲ ಪಾಸ್‌ಬುಕ್ಕಿನ ರಟ್ಟಿನ ಮೇಲಿದ್ದ ಬ್ಯಾಂಕಿನ ಹೆಸರು ಓದಿದ ಕೂಡಲೇ ಪ್ರೊಫೆಸರರು ಅದನ್ನು ಅಂಗೈಯಿಂದ ಮುಚ್ಚಿದರು.

ಆಸ್ಪತ್ರೆಯ ನೌಕರರೇ ಸೇರಿ ಕಟ್ಟಿದ ಸಣ್ಣ ಬ್ಯಾಂಕು ಅದು. ನಾಲ್ಕೇ ಶಾಖೆ. ಸರ್ಕಾರ ನೇಮಿಸಿದ ಸಮಿತಿಯ ಪಟ್ಟಿಯಲ್ಲಿ ಅದಕ್ಕೆ ಹೆಸರಿರಲಿಲ್ಲ, ಬರೀ ಹನ್ನೊಂದು ಎಂದಿತ್ತು. ಹೆಸರು ಬೇಡ, ಅಂಕಿ ಸಾಕು ಎಂದು ಹಟ ಹಿಡಿದವರೂ ಪ್ರೊಫೆಸರರೇ. ಹೆಸರು ಕಂಡರೆ ಯಾರಿಗೆ ಯಾರ ನೆನಪಾಗುತ್ತದೋ, ಯಾರ ಕೈ ಎಲ್ಲಿ ನಡುಗುತ್ತದೋ ಎಂದು ಐದು ಜನರ ಸಮಿತಿ ಇಪ್ಪತ್ತಾರು ಬ್ಯಾಂಕುಗಳನ್ನೂ ಬರೀ ಸಂಖ್ಯೆಗಳನ್ನಾಗಿ ಮಾಡಿಕೊಂಡು ತೂಗಿತ್ತು. ಶಾಖೆ ನಾಲ್ಕು, ಹಣ ಇಟ್ಟವರಲ್ಲಿ ಮುಕ್ಕಾಲು ಪಾಲು ನಿವೃತ್ತರು ಎಂದು ಓದಿದಾಗಲೇ ಹನ್ನೊಂದರ ಗುರುತು ಅವರಿಗೆ ಹತ್ತಿತ್ತು. ಅಕ್ಕನ ಪಿಂಚಣಿ ಬೇರೆ ದೊಡ್ಡ ಬ್ಯಾಂಕಿಗೆ ಬರುತ್ತದೆ, ಅವಳಿಗೂ ಇದಕ್ಕೂ ಸಂಬಂಧವಿಲ್ಲ ಎಂದುಕೊಂಡು ಅದರ ಮುಂದೆ 'ಮುಚ್ಚತಕ್ಕದ್ದು' ಎಂದು ಬರೆದಿದ್ದರು.

ದೇಶದ ಸ್ಥಿತಿ ಆಗ ಹಾಗಿತ್ತು. ಎರಡು ದೊಡ್ಡ ಹಣಕಾಸು ಕಂಪನಿಗಳು ಮುಳುಗಿದ್ದವು, ಅವನ್ನು ನಂಬಿ ಸಾಲ ಕೊಟ್ಟ ಬ್ಯಾಂಕುಗಳು ಒಂದರ ಕಾಲಿಗೊಂದು ತೊಡರಿ ಬೀಳುತ್ತಿದ್ದವು, ಬಿದ್ದವರನ್ನೆಲ್ಲ ಎತ್ತಲು ಹೋಗಿ ಸರ್ಕಾರ ಖಜಾನೆ ಬರಿದು ಮಾಡಿಕೊಳ್ಳುತ್ತಿತ್ತು. ಸತ್ತ ಬ್ಯಾಂಕಿಗೆ ಗ್ಲೂಕೋಸ್ ಏರಿಸಬೇಡಿ ಎಂದು ಪ್ರೊಫೆಸರರು ವಾರ ವಾರ ಪತ್ರಿಕೆಯಲ್ಲಿ ಬರೆದರು. ಬ್ಯಾಂಕನ್ನು ಬಿಡಿ, ಅದರಲ್ಲಿ ಹಣ ಇಟ್ಟ ಸಣ್ಣವರ ಕೈ ಹಿಡಿಯಿರಿ. ಸತ್ತವನ್ನೆಲ್ಲ ಒಂದೇ ದಿನ ಮುಚ್ಚಿ. ಒಬ್ಬ ಗುಮಾಸ್ತನ ಮೂರು ವರ್ಷದ ಸಂಬಳದಷ್ಟು ಮಿತಿ ಇಟ್ಟು, ಅಲ್ಲಿಯವರೆಗೆ ಸರ್ಕಾರವೇ ಪೂರ್ತಿ ಕೊಡಲಿ. ಮಿತಿ ಮೀರಿದ್ದು ಬ್ಯಾಂಕಿನ ಆಸ್ತಿ ಮಾರಿದಾಗ ಬಂದಷ್ಟು ಬರಲಿ. ಇಷ್ಟೇ ಅವರ ವಾದ. ಕೊನೆಗೆ ಸರ್ಕಾರ ಕೇಳಿತು. ಸೋಮವಾರ ಬೆಳಿಗ್ಗೆ ಹನ್ನೆರಡು ಬ್ಯಾಂಕುಗಳ ಬಾಗಿಲು ತೆರೆಯುವುದಿಲ್ಲ ಎಂಬುದು ದೇಶದಲ್ಲಿ ಹತ್ತು ಹದಿನೈದು ಜನರಿಗೆ ಮಾತ್ರ ಗೊತ್ತಿತ್ತು. ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ಅವರೆಲ್ಲ ಬರೆದು ಸಹಿ ಹಾಕಿದ್ದರು.

"ಇದು ಯಾವಾಗ ಶುರುಮಾಡಿದೆ? ನಿನ್ನ ಪಿಂಚಣಿ ಅಲ್ಲಿ ಬರಲ್ಲವಲ್ಲ," ಎಂದರು.

"ಪಿಂಚಣಿ ಅಲ್ಲ ಕಣೋ, ಇದು ಮನೆ ದುಡ್ಡು. ನಿನಗೆ ಹೇಳೇ ಇಲ್ವಾ ನಾನು?" ಅಕ್ಕನ ಮುಖ ಅರಳಿತು. "ಆಸ್ಪತ್ರೆ ಹಿಂದಿನ ಬೀದಿಲಿ ಹಳೇ ಲಾಡ್ಜ್ ಇತ್ತಲ್ಲ, ಅದು. ಏಳು ಕೋಣೆ, ಒಂದು ದೊಡ್ಡ ಅಡುಗೆಮನೆ. ನಾವು ಏಳು ಜನ ನರ್ಸುಗಳು ಸೇರಿ ಕೊಂಡ್ಕೋತಿದೀವಿ. ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಕೊನೆಗಾಲದಲ್ಲಿ ಒಬ್ಬರಿಗೊಬ್ಬರು ಡ್ಯೂಟಿ ಮಾಡಿದರಾಯ್ತು. ಬರೋ ತಿಂಗಳು ರಿಜಿಸ್ಟ್ರೇಷನ್ನು."

"ಮೊದಲು ಹೋಗೋರಿಗೆ ಆರು ಜನ ನರ್ಸು, ಕೊನೇಲಿ ಉಳಿಯೋರಿಗೆ ಯಾರೂ ಇಲ್ಲ," ಎಂದು ಪ್ರೊಫೆಸರರ ಹೆಂಡತಿ ಬಿಸ್ಕತ್ತಿನ ತಟ್ಟೆ ಇಡುತ್ತಾ ನಕ್ಕರು. "ನೀವು ಮೊದಲನೇ ನಂಬರು ಹಿಡ್ಕೊಳ್ಳಿ ಅಕ್ಕ."

"ಅದಕ್ಕೂ ಚೀಟಿ ಎತ್ತಿ ಆಗಿದೆ," ಅಂದಳು ಅಕ್ಕ. ಇಬ್ಬರೂ ನಕ್ಕರು. ಪ್ರೊಫೆಸರರು ನಗಲು ಹೋಗಿ ಕೆಮ್ಮಿದರು.

ಹದಿನೆಂಟು ವರ್ಷಕ್ಕೆ ನರ್ಸಿಂಗ್ ಶಾಲೆ ಸೇರಿದವಳು ಅಕ್ಕ. ಆಗ ತಮ್ಮನಿಗೆ ಹತ್ತು. ಅಪ್ಪ ಇರಲಿಲ್ಲ, ಅಮ್ಮ ಹಾಸಿಗೆ ಹಿಡಿದಿದ್ದಳು. ನೈಟ್ ಡ್ಯೂಟಿಗೆ ಸ್ವಲ್ಪ ಹೆಚ್ಚು ಸಿಗುತ್ತದೆಂದು ಒಂಬತ್ತು ವರ್ಷ ನೈಟ್ ಡ್ಯೂಟಿಯನ್ನೇ ಕೇಳಿ ಹಾಕಿಸಿಕೊಂಡು ತಮ್ಮನನ್ನು ಓದಿಸಿದಳು. ಮದುವೆಯ ಮಾತು ಬಂದಾಗಲೆಲ್ಲ ಇವನದೊಂದು ಪರೀಕ್ಷೆ ಅಡ್ಡ ಇರುತ್ತಿತ್ತು. ಒಂದು ಸ್ವಂತ ಕೋಣೆ ಎಂಬುದು ಅವಳಿಗೆ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಬರುವುದರಲ್ಲಿತ್ತು.

ಪ್ರೊಫೆಸರರು ಪಾಸ್‌ಬುಕ್ಕುಗಳನ್ನು ಒಂದೊಂದಾಗಿ ತೆರೆದರು. ಏಳರಲ್ಲೂ ಇದ್ದದ್ದು ಮಿತಿಗಿಂತ ತುಸು ಕಡಿಮೆ. ಸದ್ಯ, ಬದುಕಿದೆ ಎನಿಸಿತು. ಬ್ಯಾಂಕು ಮುಚ್ಚಿದರೂ ಎಲ್ಲರಿಗೂ ಪೂರ್ತಿ ಹಣ ಬರುತ್ತದೆ, ಮೂರು ತಿಂಗಳು ತಡವಾದೀತು ಅಷ್ಟೇ. ಎದೆಯ ಭಾರ ಇಳಿದವರ ಹಾಗೆ ಒಂದು ಬಿಸ್ಕತ್ತು ಎತ್ತಿಕೊಂಡರು. ಅದನ್ನು ಟೀಯಲ್ಲಿ ಅದ್ದುವಾಗ ಕಣ್ಣು ಪಾಸ್‌ಬುಕ್ಕಿನ ಮೇಲಿನ ಮೂಲೆಗೆ ಹೋಯಿತು. ಇನ್ನೊಂದನ್ನು ನೋಡಿದರು, ಮತ್ತೊಂದನ್ನು ನೋಡಿದರು. ಬಿಸ್ಕತ್ತು ಮುರಿದು ಟೀಯೊಳಗೆ ಬಿತ್ತು.

"ಅಕ್ಕ, ಏಳರಲ್ಲೂ ನಿನ್ನ ಮನೆ ವಿಳಾಸವೇ ಇದೆಯಲ್ಲ."

"ಮತ್ತೆ? ಒಬ್ಬಳು ವರ್ಷಕ್ಕೊಂದು ಬಾಡಿಗೆ ಮನೆ ಬದಲಾಯಿಸ್ತಾಳೆ. ಇಬ್ಬರಿಗೆ ಬರೋ ಕಾಗದ ಸೊಸೆಯಂದಿರು ಒಡೆದು ಓದ್ತಾರೆ. ನಮ್ಮ ಗುಂಪಿನ ಮೆಟ್ರನ್ ಹೇಳಿದ್ರು, ಹೇಗೂ ಕೊನೆಗೆ ಒಂದೇ ಮನೆಗೆ ಹೋಗೋರು ತಾನೆ, ಎಲ್ಲರದ್ದೂ ನಿನ್ನ ವಿಳಾಸವೇ ಇರಲಿ ಅಂತ. ಬ್ಯಾಂಕಿನವರೂ ಹೂಂ ಅಂದ್ರು."

ಮಿತಿಯ ಸುದ್ದಿ ಹೊರಬಿದ್ದರೆ ದೊಡ್ಡವರು ಏನು ಮಾಡುತ್ತಾರೆಂದು ಪ್ರೊಫೆಸರರಿಗೆ ಚೆನ್ನಾಗಿ ಗೊತ್ತಿತ್ತು. ಹಿಂದಿನ ಸಲ ಹಾಗೇ ಆಗಿತ್ತು. ಒಂದು ದೊಡ್ಡ ಗಂಟನ್ನು ಹೆಂಡತಿ, ಮಗ, ನಾದಿನಿ, ಅಡುಗೆಯವಳು ಎಂದು ಹತ್ತು ಹೆಸರಿಗೆ ಹರಿದು ಹಂಚಿ, ಹತ್ತು ಮಿತಿಯ ಲಾಭ ಪಡೆದಿದ್ದರು. ಸರ್ಕಾರ ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುವವರು. ಅದಕ್ಕೇ ಈ ಸಲ ಪ್ರೊಫೆಸರರು ಒಂದು ನಿಯಮ ಬರೆದಿದ್ದರು: ಒಂದು ವಿಳಾಸಕ್ಕೆ ಒಂದೇ ಮಿತಿ. ಒಂದೇ ಬಾಗಿಲ ಸಂಖ್ಯೆಯ ಎಲ್ಲ ಖಾತೆಗಳೂ ಸೇರಿ ಒಂದೇ ಖಾತೆ. ಬರೆದಾಗ ಸಮಿತಿಯವರು ಬೆನ್ನು ತಟ್ಟಿದ್ದರು. ಅವರಿಗೂ ಒಳಗೊಳಗೇ ಹೆಮ್ಮೆಯಾಗಿತ್ತು. ಒಂದನ್ನು ಹತ್ತು ಮಾಡಿಕೊಳ್ಳುವವರನ್ನೇ ನೋಡಿ ನೋಡಿ, ಇರುವುದನ್ನೆಲ್ಲ ಒಂದು ಕಡೆ ಸೇರಿಸಿಕೊಳ್ಳುವವರೂ ಇರುತ್ತಾರೆಂಬುದು ಆ ಹೊತ್ತಿನಲ್ಲಿ ಅವರ ತಲೆಗೆ ಹೊಳೆದಿರಲಿಲ್ಲ. ಆದೇಶದ ಪ್ರಕಾರ ಈ ಏಳು ಪಾಸ್‌ಬುಕ್ಕಿಗೂ ಸೇರಿ ಬರುವುದು ಒಬ್ಬರ ಹಣ. ಏಳು ಕೋಣೆಯ ಬದಲು ಒಂದು ಕೋಣೆ.

"ಒಂದು ಫೋನು ಮಾಡಿ ಬರ್ತೀನಿ," ಎಂದು ಎದ್ದರು.

ಬಟ್ಟೆ ಒಣಹಾಕುವ ಹಿಂದಿನ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. ಹಣಕಾಸು ಇಲಾಖೆಯ ಕಾರ್ಯದರ್ಶಿ ಒಂದು ಕಾಲದಲ್ಲಿ ಅವರ ವಿದ್ಯಾರ್ಥಿ, ಈಗಲೂ ಸರ್ ಎಂದೇ ಮಾತಾಡುವವನು.

"ಒಂದು ಸಾಲು ಸೇರಿಸಬೇಕಪ್ಪ. ಒಂದೇ ವಿಳಾಸದಲ್ಲಿದ್ದರೂ ಸಂಬಂಧಿಕರಲ್ಲದೇ ಇದ್ದರೆ, ಅವರನ್ನ ಬೇರೆ ಬೇರೆ ಲೆಕ್ಕ ಹಾಕಬೇಕು ಅಂತ."

"ಆದೇಶ ಅಚ್ಚಿಗೆ ಹೋಗಿದೆ ಸರ್. ಅದೂ ಅಲ್ಲದೆ, ಇದನ್ನೇ ನಾನು ಹೋದ ವಾರ ಕೇಳಿದ್ದೆ. ಹಾಸ್ಟೆಲ್ಲು, ವಠಾರ, ಇಂಥವಕ್ಕೆ ಏನು ಮಾಡೋದು ಅಂತ. ನೀವೇನಂದ್ರಿ ನೆನಪಿದೆಯಾ? ಸೂಜಿಯಷ್ಟು ತೂತು ಬಿಟ್ಟರೂ ಅದರಲ್ಲಿ ಆನೆ ದಾಟಿಸ್ತಾರೆ ಅಂದ್ರಿ."

"ಅಂದಿದ್ದೆ. ಆಗ ಯೋಚನೆ ಮಾಡಿರಲಿಲ್ಲ."

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ ಸರ್. ಇವತ್ತು ಸಾಯಂಕಾಲ ಇದ್ದಕ್ಕಿದ್ದಂತೆ ಯಾಕೆ ಯೋಚನೆ ಬಂತು?"

ಸುಳ್ಳು ಹೇಳಬಹುದಿತ್ತು. "ನಮ್ಮ ಅಕ್ಕ," ಎಂದರು.

"ಹಾಗಾದ್ರೆ ನೀವು ಈ ಫೋನು ಮಾಡಲಿಲ್ಲ ಸರ್, ನಾನು ಎತ್ತಲೂ ಇಲ್ಲ. ನಾಳೆ ಯಾರಾದ್ರೂ ಕೇಳಿದ್ರೆ ಕೊನೇ ಘಳಿಗೇಲಿ ಪ್ರೊಫೆಸರ್ ಅಕ್ಕನಿಗೋಸ್ಕರ ನಿಯಮ ತಿದ್ದಿದ್ರು ಅಂತಾರೆ. ಬೇರೆ ಯಾರಾದ್ರೂ ಆಗಿದ್ರೆ ನಾನೂ ಪ್ರಯತ್ನಪಡ್ತಿದ್ದೆ." ಅವನ ಧ್ವನಿಯಲ್ಲಿ ನಿಜಕ್ಕೂ ನೋವಿತ್ತು. "ನಿಮ್ಮ ಹೆಸರಿನ ಮೇಲೇ ಇದೆಲ್ಲ ನಿಂತಿರೋದು."

ಅದು ಉಪಚಾರದ ಮಾತಲ್ಲ. ನಾಲ್ಕು ವರ್ಷದ ಹಿಂದೆ ಒಂದು ಬ್ಯಾಂಕು ಮುಚ್ಚುವ ಹಿಂದಿನ ದಿನ ಮಂತ್ರಿಯೊಬ್ಬರ ಅಳಿಯ ತನ್ನ ಹಣವೆಲ್ಲ ತೆಗೆದುಕೊಂಡಿದ್ದ. 'ಅಳಿಯನ ಬುಧವಾರ' ಎಂದು ಪ್ರೊಫೆಸರರು ಬರೆದ ಲೇಖನಕ್ಕೆ ಆ ಮಂತ್ರಿಯ ಕುರ್ಚಿ ಹೋಗಿತ್ತು. ಈ ಮನುಷ್ಯ ಯಾರಿಗೂ ಹೇಳುವವನಲ್ಲ ಎಂದು ಜನ ನಂಬಿದ್ದು ಅಲ್ಲಿಂದಲೇ. ಒಬ್ಬರಿಗೆ ಹೇಳಿದರೆ ಆರು ಜನಕ್ಕೆ, ಆರರಿಂದ ಅರವತ್ತಕ್ಕೆ, ನಾಳೆ ಹನ್ನೆರಡು ಬ್ಯಾಂಕಿನ ಮುಂದೆಯೂ ನೂಕುನುಗ್ಗಲು; ಮೊದಲು ಓಡಿದವನಿಗೆ ಹಣ, ಕಾಲಿಲ್ಲದವನಿಗೆ ಮಣ್ಣು. ಇದನ್ನೆಲ್ಲ ತರಗತಿಯಲ್ಲಿ ಮೂವತ್ತು ವರ್ಷ ಪಾಠ ಮಾಡಿದ್ದಾರೆ. ಅತ್ತ ದರಿ ಇತ್ತ ಪುಲಿ ಎಂದರೆ ಏನೆಂದು ಈಗ ಒಣಗಿದ ಟವೆಲ್ಲುಗಳ ನಡುವೆ ನಿಂತು ಕಲಿಯುತ್ತಿದ್ದರು.

ಒಳಗೆ ಬಂದಾಗ ಅಕ್ಕ ಲೋಟ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. "ಎಲ್ಲರೂ ಒಂದೊಂದು ಹೇಳ್ತಾರೆ. ತೆಗೆದು ದೊಡ್ಡ ಬ್ಯಾಂಕಿಗೆ ಹಾಕಿ ಅಂತಾರೆ, ದಿಂಬಿನ ಕೆಳಗೆ ಇಟ್ಕೊಳ್ಳಿ ಅಂತಾರೆ. ನಮ್ಮೋರು ನನ್ನನ್ನ ಕಳಿಸಿದ್ರು, ನಿನ್ನ ತಮ್ಮನ್ನ ಕೇಳ್ಕೊಂಡು ಬಾ, ಅವನು ಹೇಳಿದ ಹಾಗೆ ಮಾಡೋಣ ಅಂತ. ನಾಳೆ ಒಂದು ಗಂಟೆವರೆಗೂ ಬ್ಯಾಂಕಿರುತ್ತೆ."

ನನಗೆ ಗೊತ್ತಿಲ್ಲ ಎನ್ನುವ ಹಾಗಿಲ್ಲ. ಅವರಿಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರಬೇಕು. ಹೇಳಲಾರೆ ಎಂದರೆ ಹೇಳಿದ ಹಾಗೆಯೇ. ಸುಮ್ಮನಿದ್ದರೆ ಅದೂ ಡಂಗುರವೇ. ದೇಶಕ್ಕೆಲ್ಲ ಟಿವಿಯಲ್ಲಿ ಹೇಳುತ್ತಿದ್ದ ಮಾತೊಂದೇ ಬಾಯಲ್ಲಿ ಉಳಿದಿತ್ತು.

"ಇರಲಿ ಅಕ್ಕ. ಗಾಬರಿಯಾಗೋದು ಬೇಡ."

ಅಕ್ಕ ಅವರ ಮುಖವನ್ನೇ ನೋಡಿದಳು, ನಾಡಿ ಎಣಿಸುವಷ್ಟು ಹೊತ್ತು. ಆಮೇಲೆ "ಸರಿ" ಎಂದು ಪಾಸ್‌ಬುಕ್ಕುಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದಳು. ಬಾಗಿಲವರೆಗೆ ಹೋಗಿ ತಿರುಗಿ, "ನಿದ್ದೆ ಸರಿಯಾಗಿ ಮಾಡ್ತಿಲ್ಲ ಅನ್ಸುತ್ತೆ ನೀನು. ಕಣ್ಣ ಕೆಳಗೆ ನೋಡು, ಎಷ್ಟು ಕಪ್ಪಾಗಿದೆ," ಅಂದು ಹೊರಟಳು.

ಶನಿವಾರ ಬೆಳಿಗ್ಗೆ ಹನ್ನೊಂದೂವರೆಗೆ ಪ್ರೊಫೆಸರರು ಹೆಂಡತಿಗೆ ಜೆರಾಕ್ಸ್ ಮಾಡಿಸಬೇಕೆಂದು ಹೇಳಿ ಹೊರಬಿದ್ದರು. ಆ ಬ್ಯಾಂಕಿನ ಎದುರಿಗೆ ಒಂದು ಜೆರಾಕ್ಸ್ ಅಂಗಡಿ ಇತ್ತು, ಅಷ್ಟರ ಮಟ್ಟಿಗೆ ಮಾತು ಸುಳ್ಳಲ್ಲ. ಕೈಯಲ್ಲಿ ಹಳೆಯ ವಿದ್ಯುತ್ ಬಿಲ್ಲು ಹಿಡಿದು ಅಂಗಡಿಯ ನೆರಳಿನಲ್ಲಿ ನಿಂತರು. ಅಕ್ಕ ಬರಲಿ ಎಂದು ಆಸೆಪಡುತ್ತಿದ್ದರು. ನನ್ನ ಮಾತು ಕೇಳಬೇಡ, ಜೀವನದಲ್ಲಿ ಇದೊಂದು ಸಲ ಕೇಳಬೇಡ ಎಂದು ಮನಸ್ಸಿನಲ್ಲಿಯೇ ಅವಳನ್ನು ಬೇಡಿಕೊಳ್ಳುತ್ತಿದ್ದರು. ಅವಳಾಗಿಯೇ ಬಂದು ತೆಗೆದುಕೊಂಡು ಹೋದರೆ ತಾನು ಹೇಳಿದಂತಾಗುವುದಿಲ್ಲವಲ್ಲ ಎಂಬ ಲೆಕ್ಕವೂ ಒಳಗೆ ನಡೆದಿತ್ತು, ಆ ಲೆಕ್ಕದ ಬಗ್ಗೆ ನಾಚಿಕೆಯೂ ಆಗುತ್ತಿತ್ತು.

ಬ್ಯಾಂಕಿನ ಮೆಟ್ಟಿಲ ಮೇಲೆ ಎಂಟು ಹತ್ತು ಜನ ಚೀಲ ಹಿಡಿದು ಅನುಮಾನದಲ್ಲಿ ನಿಂತಿದ್ದರು. ಅವರಲ್ಲೊಬ್ಬ, ಆಸ್ಪತ್ರೆಯ ನಿವೃತ್ತ ಡ್ರೈವರ್, ರಸ್ತೆ ದಾಟಿ ಬಂದು ಕೈಮುಗಿದ. "ನೀವು ಟಿವಿಲಿ ಬರೋ ಮೇಷ್ಟ್ರಲ್ವಾ? ಇಲ್ಲಿ ಬಂದಿದೀರಲ್ಲ, ನಿಮ್ಮದೂ ಇದರಲ್ಲೇ ಇದೆಯಾ?"

"ಇಲ್ಲ, ಜೆರಾಕ್ಸಿಗೆ..." ಎಂದರು ಪ್ರೊಫೆಸರರು ಬಿಲ್ಲು ತೋರಿಸಿ.

"ಇಷ್ಟು ಆರಾಮಾಗಿ ನಿಂತಿದೀರಿ ಅಂದಮೇಲೆ ಏನೂ ತೊಂದರೆ ಇಲ್ಲ ಬಿಡಿ." ಆತ ಮೆಟ್ಟಿಲ ಕಡೆ ತಿರುಗಿ ಕೂಗಿ ಹೇಳಿದ. "ಮೇಷ್ಟ್ರೇ ಇಲ್ಲಿ ನಿಂತಿದಾರೆ ನೋಡ್ರಪ್ಪ. ನಡೀರಿ, ನಡೀರಿ."

ಎರಡು ಹೆಜ್ಜೆ ಮುಂದೆ ಬಂದು ಪ್ರೊಫೆಸರರು ಬಾಯಿ ತೆರೆದರು. ಒಬ್ಬ ಹೆಂಗಸು ಚೀಲ ಮಡಿಸಿ ಕಂಕುಳಲ್ಲಿಟ್ಟುಕೊಂಡು ಅವರಿಗೆ ತಲೆಬಾಗಿ ಹೋದಳು. ಇನ್ನಿಬ್ಬರು ಅವಳ ಹಿಂದೆ ಹೋದರು. ಮೆಟ್ಟಿಲ ಮೇಲೆ ಕೊನೆಗೆ ಮೂವರು ಉಳಿದರು. ಒಂದು ಗಂಟೆಗೆ ಬ್ಯಾಂಕಿನವನು ಶಟರ್ ಎಳೆದ. ಅಕ್ಕ ಬರಲಿಲ್ಲ.

ಸೋಮವಾರ ಎಲ್ಲ ಲೆಕ್ಕಕ್ಕೆ ಸರಿಯಾಗಿ ನಡೆಯಿತು. ಎಲ್ಲೂ ಗಾಜು ಒಡೆಯಲಿಲ್ಲ, ಯಾರಿಗೂ ಲಾಠಿ ಬೀಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಳಿದ ಬ್ಯಾಂಕುಗಳ ಮುಂದಿನ ಸಾಲುಗಳು ಕರಗಿದವು. ಹಣ ಕಳೆದುಕೊಂಡವರಲ್ಲಿ ದೊಡ್ಡವರೇ ಹೆಚ್ಚು ಎಂದು ತಿಳಿದು ಜನಕ್ಕೆ ಒಂದು ಬಗೆಯ ಸಮಾಧಾನವೂ ಆಯಿತು. ಟಿವಿ ಸ್ಟುಡಿಯೋದಲ್ಲಿ ಪ್ರೊಫೆಸರರ ಮುಖಕ್ಕೆ ಪೌಡರ್ ಹಚ್ಚಿ ಕೂರಿಸಿದರು. ನಿರೂಪಕಿ ಒಂದು ವಿಳಾಸ ಒಂದು ಮಿತಿಯ ಬಗ್ಗೆ ಕೇಳಿದಳು. ಅವರು ಚಾಪೆ ರಂಗೋಲಿಯ ಗಾದೆ ಹೇಳಿದರು, ಅವಳು ನಕ್ಕಳು. ಮಾತು ಎಲ್ಲೂ ತಡವರಿಸಲಿಲ್ಲ. ಹೊರಗೆ ಬಂದು ಮಾತ್ರ, ಪೌಡರ್ ಪೂರ್ತಿ ಹೋದ ಮೇಲೂ ಮುಖ ತೊಳೆಯುತ್ತಲೇ ಇದ್ದರು.

ಮಂಗಳವಾರ ಅಕ್ಕನ ಮನೆಗೆ ಹೋದರು. ಮಹಡಿಯ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ, ನಡುವೆ ತಿರುಗುವ ಕಿರಿದಾದ ಮೆಟ್ಟಿಲು. ಏಳು ಜನವೂ ಅಲ್ಲೇ ಇದ್ದರು. ಅತ್ತವರ ಕಣ್ಣು ಕೆಂಪಗಿತ್ತು, ಅಳದವರು ಪಾತ್ರೆ ತೊಳೆಯುತ್ತಿದ್ದರು. ಇವರನ್ನು ಕಂಡು ಯಾರೂ ಬೈಯಲಿಲ್ಲ. ಎತ್ತರದ ಹೆಂಗಸು, ಎಲ್ಲರೂ ಈಗಲೂ ಮೆಟ್ರನ್ ಎಂದೇ ಕರೆಯುವವರು, ಪ್ರೊಫೆಸರರ ಮುಖ ನೋಡಿ ಕುರ್ಚಿ ಎಳೆದರು.

"ಕೂತ್ಕೊಳ್ಳಿ. ಬೆವರ್ತಾ ಇದೀರಿ. ಸೂಜಿ, ಪ್ರೆಶರ್ ಮೆಷಿನ್ನು ತಾ."

ಸೂಜಿ ಎಂದರೆ ಕುಳ್ಳಗಿನ ಇನ್ನೊಬ್ಬರು. ಚುಚ್ಚಿದ್ದೇ ಗೊತ್ತಾಗದಂತೆ ಇಂಜೆಕ್ಷನ್ ಕೊಡುತ್ತಿದ್ದವರು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬತೊಡಗಿದರು.

"ಬ್ಯಾಂಕಿನ ಬಾಗಿಲಿಗೆ ಅಂಟಿಸಿದ್ದು ಓದಿದ್ವಿ," ಎಂದರು ಮೆಟ್ರನ್. "ಸರ್ಕಾರದ ಪ್ರಕಾರ ನಾವು ಏಳು ಜನ ಒಂದೇ ಸಂಸಾರ. ನಲವತ್ತು ವರ್ಷ ಒಂದೇ ಡ್ಯೂಟಿ ರೂಮು, ಒಂದೇ ಕನ್ನಡಿ. ಒಂದು ರೀತೀಲಿ ಸುಳ್ಳೇನಲ್ಲ. ಆದ್ರೆ ಗಂಡಂದಿರು ಬೇರೆ ಬೇರೆ ಇದ್ರು ಅನ್ನೋದನ್ನ ಸರ್ಕಾರ ವಿಚಾರಿಸಬೇಕಿತ್ತು." ಒಬ್ಬಿಬ್ಬರು ನಕ್ಕರು. "ಆ ನಿಯಮ ಯಾವ ಪುಣ್ಯಾತ್ಮ ಬರೆದಿದ್ದು, ನಿಮಗೇನಾದ್ರೂ ಗೊತ್ತಾ?"

"ನಾನೇ," ಎಂದರು ಪ್ರೊಫೆಸರರು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಗೋಡೆಗೊರಗಿ ಕೂತಿದ್ದ ಒಬ್ಬರು ಮುಖ ಆ ಕಡೆ ತಿರುಗಿಸಿಕೊಂಡರು. ಸೂಜಿಯವರ ಕೈ ಮಾತ್ರ ರಬ್ಬರ್ ಬುಗ್ಗೆಯನ್ನು ಒತ್ತುತ್ತಲೇ ಇತ್ತು.

"ಪ್ರೆಶರ್ ನೋಡುವಾಗ ಮಾತಾಡಬಾರದು. ಜಾಸ್ತಿ ತೋರಿಸುತ್ತೆ," ಎಂದರು ಆಕೆ.

ಅಕ್ಕ ಮಾತ್ರೆ ಮತ್ತು ನೀರು ತಂದು ಕೊಟ್ಟು ಅಡುಗೆಮನೆಗೆ ಹೋದಳು. ಪ್ರೊಫೆಸರರು ಹಿಂದೆಯೇ ಹೋದರು. ಅವಳು ಅಕ್ಕಿ ಆರಿಸುವ ನೆಪದಲ್ಲಿ ಮೊರ ಹಿಡಿದು ಕೂತಳು.

"ನಿನಗೆ ಆವತ್ತೇ ಗೊತ್ತಾಯ್ತಾ?" ಎಂದು ಕೇಳಿದರು.

"ಮೂವತ್ತಾರು ವರ್ಷ ಆಪರೇಷನ್ ಥಿಯೇಟರ್ ಬಾಗಿಲಲ್ಲಿ ನಿಂತಿದೀನಿ. ಡಾಕ್ಟರು ಹೊರಗೆ ಬಂದು ಗಾಬರಿಯಿಲ್ಲ ಅಂದಾಗ ಅವರ ಬಾಯಿ ನೋಡಲ್ಲ ನಾವು." ಒಂದು ಕಲ್ಲು ತೆಗೆದು ಎಸೆದಳು. "ಫೋನಿಗೆ ಹೋದೋನು ವಾಪಸ್ ಬಂದೆಯಲ್ಲ, ಆಗಲೇ ಗೊತ್ತಾಯ್ತು."

"ಮತ್ತೆ ಯಾಕೆ ತೆಗೀಲಿಲ್ಲ ನೀನು?"

"ತೆಗೆದಿದ್ರೆ ಇವತ್ತು ಪೇಪರಿನಲ್ಲಿ ನಿನ್ನ ಫೋಟೋ ಇರ್ತಿತ್ತು, ಆ ಅಳಿಯನ ಪಕ್ಕದಲ್ಲಿ. ನೀನು ಅಷ್ಟು ಕಷ್ಟಪಟ್ಟು ಸುಳ್ಳು ಹೇಳಿದ್ದು ನೀರುಪಾಲಾಗ್ತಿತ್ತು."

ಪ್ರೊಫೆಸರರು ಅಲ್ಲೇ ನೆಲದ ಮೇಲೆ ಕೂತರು. "ಆ ಆರು ಜನ?"

ಅಕ್ಕನ ಕೈ ನಿಂತಿತು. "ಬೇಕಾದೋರು ತೆಗೀರಿ, ನಾನಂತೂ ತೆಗೆಯಲ್ಲ ಅಂದೆ. ಅಷ್ಟೇ ಹೇಳಿದ್ದು. ಯಾಕೆ ಅಂತ ಒಬ್ಬರೂ ಕೇಳಲಿಲ್ಲ ಕಣೋ. ನೀನು ಇಟ್ಟರೆ ನಾವೂ ಇಡ್ತೀವಿ ಅಂದ್ರು. ಅವರು ಕೇಳಬೇಕಿತ್ತು. ಕೇಳದಿದ್ರೂ ನಾನು ಹೇಳಬೇಕಿತ್ತು. ನನ್ನ ದುಡ್ಡು ನಿನಗೋಸ್ಕರ ಬಿಡೋ ಹಕ್ಕು ನನಗಿತ್ತು, ಅವರದ್ದು ಬಿಡೋ ಹಕ್ಕು ಇರಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿನ್ನ ಮೇಲೆ ಸಿಟ್ಟಿಲ್ಲ ಅಂತ ತಿಳ್ಕೋಬೇಡ. ಇದೆ. ಇನ್ನೂ ತುಂಬ ದಿನ ಇರುತ್ತೆ."

"ನನ್ನ ಹತ್ತಿರ ಇರೋದನ್ನ ಕೊಡ್ತೀನಿ ಅಕ್ಕ."

"ಎಷ್ಟಿದೆ? ಒಂದು ಕೋಣೆ ಬಂದೀತು. ಏಳು ಜನದಲ್ಲಿ ಯಾರಿಗೆ ಅಂತ ನೀನು ಬಂದು ಹೇಳ್ತೀಯಾ?"

ಪ್ರೊಫೆಸರರು ಮೊರದಿಂದ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟರು.

ಆ ವಾರದ ಲೇಖನವನ್ನು ಪ್ರೊಫೆಸರರು ಒಂದೇ ಉಸಿರಿಗೆ ಬರೆದರು. ಬ್ಯಾಂಕುಗಳನ್ನು ಮುಚ್ಚಿದ್ದು ಸರಿ, ಈಗಲೂ ಸರಿಯೆಂದೇ ಹೇಳುತ್ತೇನೆ. ಆದರೆ ವಿಳಾಸವೆಂದರೆ ಒಂದು ಕುಟುಂಬ ಎಂದು ತಿಳಿದದ್ದು ತಪ್ಪು, ಆ ತಪ್ಪು ಸರ್ಕಾರದ್ದಲ್ಲ, ನನ್ನದು ಎಂದು ಬರೆದರು. ಆದೇಶ ಹೊರಬೀಳುವ ಮೂರು ದಿನ ಮೊದಲೇ ಆ ತಪ್ಪು ತಮಗೆ ಗೊತ್ತಾಗಿತ್ತು, ತಮ್ಮ ಅಕ್ಕನೂ ಅದರಲ್ಲಿ ಸಿಕ್ಕಿಕೊಂಡಿದ್ದಾಳೆ ಎಂಬುದನ್ನೂ ಮುಚ್ಚಿಡಲಿಲ್ಲ. ಹೆಂಡತಿ ಓದಿ, "ಕಲ್ಲು ಹೊತ್ತು ಬಾವಿಗೆ ಹಾರ್ತಿದೀರಿ," ಎಂದರು, ತಡೆಯಲಿಲ್ಲ. ಶುಕ್ರವಾರ ಸಮಿತಿಯಿಂದ ಅವರನ್ನು ಬಿಡುಗಡೆ ಮಾಡಿದ ಕಾಗದ ಬಂತು. ನಿಯಮದ ತಿದ್ದುಪಡಿ ಪರಿಶೀಲನೆಯಲ್ಲಿದೆ ಎಂದು ಇಲಾಖೆ ಹೇಳಿತು. ಟಿವಿಯವರು ಬೇರೆ ಅರ್ಥಶಾಸ್ತ್ರಜ್ಞನನ್ನು ಹುಡುಕಿಕೊಂಡರು.

ಶನಿವಾರ ಅಕ್ಕ ಫೋನು ಮಾಡಿದಳು. "ಓದಿದೆ," ಅಂದಳು. "ನಾಳೆ ಬಿಡುವಿದ್ರೆ ಬಾ. ನಾಲ್ಕು ಜನ ಬಾಡಿಗೆ ಮನೆ ಬಿಟ್ಟು ಇಲ್ಲಿಗೇ ಬರ್ತಿದಾರೆ. ಸಾಮಾನು ಹೊರೋಕೆ ಜನ ಬೇಕು."

ಭಾನುವಾರ ಮಧ್ಯಾಹ್ನ ಕೆಳಗೆ ಬೀದಿಯಲ್ಲಿ ಸಾಮಾನಿನ ಗಾಡಿ ನಿಂತಿತ್ತು. ಟ್ರಂಕು, ಗಂಟುಮೂಟೆ, ಒಂದು ಹೊಲಿಗೆ ಯಂತ್ರ, ಮಡಿಸಲಾಗದ ನಾಲ್ಕು ಕಬ್ಬಿಣದ ಮಂಚ. ಗಾಡಿಯವನು ಸಾಮಾನನ್ನು ಬಾಗಿಲವರೆಗೆ ಮಾತ್ರ ತರುವುದೆಂದು ಮಾತಾಗಿತ್ತಂತೆ. ಮೂರು ಮಂಚ ಹೇಗೋ ಮೇಲೆ ಹೋದವು. ನಾಲ್ಕನೆಯದನ್ನು ಮೇಲಿನ ತುದಿಯಲ್ಲಿ ಮೆಟ್ರನ್ ಮತ್ತು ಸೂಜಿ ಹಿಡಿದರು, ಕೆಳಗಿನ ತುದಿಯನ್ನು ಪ್ರೊಫೆಸರರು ಹಿಡಿದರು.

ತಿರುವಿಗೆ ಬಂದಾಗ ಮಂಚದ ಕಾಲು ಗೋಡೆಗೆ ಸಿಕ್ಕಿಕೊಂಡಿತು. ಮೇಲಿನಿಂದ ಅಕ್ಕನ ಧ್ವನಿ ಬಂತು. "ಸ್ವಲ್ಪ ತಡೀರಿ. ಇದಕ್ಕೆ ಜಾಗ ಆಗ್ತಿಲ್ಲ. ಟ್ರಂಕು ಸರಿಸಬೇಕು." ಆಮೇಲೆ ಏನನ್ನೋ ಎಳೆಯುವ ಸದ್ದು, ಇಬ್ಬರು ಮೂವರು ಒಟ್ಟಿಗೆ ಮಾತಾಡುವ ಸದ್ದು. ನನ್ನ ಹಾಸಿಗೆ ಅಡುಗೆಮನೆಗೆ ಹಾಕಿ ಎಂದು ಅಕ್ಕ ಹೇಳುತ್ತಿದ್ದಳು. ಬೇಡವೆಂದು ಯಾರೋ ವಾದಿಸುತ್ತಿದ್ದರು.

"ನಾವು ಮೇಲಿರೋರು, ನಮಗೇನೂ ಭಾರ ಇಲ್ಲ," ಎಂದರು ಮೆಟ್ರನ್, ಮಂಚದ ಸರಳುಗಳ ನಡುವಿನಿಂದ ಕೆಳಗೆ ನೋಡುತ್ತಾ. "ಎಲ್ಲ ನಿಮ್ಮ ಕಡೆಗೇ ಬರುತ್ತೆ. ಬಿಡಬೇಡಿ."

"ಇಲ್ಲ," ಎಂದರು ಪ್ರೊಫೆಸರರು.

ಕಬ್ಬಿಣದ ಅಂಚು ಅಂಗೈಗೆ ಒತ್ತುತ್ತಿತ್ತು. ಒಂದು ಕಾಲನ್ನು ಕೆಳಗಿನ ಮೆಟ್ಟಿಲಿಗೆ ಊರಿ, ಭುಜ ಗೋಡೆಗೆ ಕೊಟ್ಟು ನಿಂತರು. ಮೇಲೆ ಟ್ರಂಕು ಇನ್ನೂ ಸರಿಯುತ್ತಿತ್ತು.